ಹೆಸರ ತಗೀಬ್ಯಾಡ್ರೀ ಸರ

ಜೂನ್ ತಿಂಗಳ ಮೊದಲ ವಾರ. ಮುದ್ದೇಬಿಹಾಳ ತಾಲ್ಲೂಕಿನ ಒಂದು ತಾಂಡಾದ ಕನ್ನಡ ಸಾಲಿ. ಎರಡು ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಗಿಡ. ರಾತ್ರಿ ಬಿದ್ದ ಮಳೆಗೆ ಎರೆಮಣ್ಣು ನೆನೆದು ಹೆಜ್ಜೆ ಹೆಜ್ಜೆಗೂ ಕಾಲಿಗೆ ಅಂಟುತ್ತಿತ್ತು. ಹುಡುಗರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದಿದ್ದರು. ಗೋಡೆಗೆ ಒರಗಿಸಿದ ಆ ಚಪ್ಪಲಿಗಳ ತಳದಲ್ಲಿ ಒಂದೊಂದು ಹೊಲವೇ ಇತ್ತು. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗಿತ್ತು. ಪ್ರಾರಂಭೋತ್ಸವದ ದಿನದ ಬಲೂನುಗಳಲ್ಲಿ ಎರಡು ಮಾತ್ರ ಇನ್ನೂ ಗಾಳಿ ಹಿಡಿದುಕೊಂಡಿದ್ದವು.

ಮಾಸ್ತರು ಹಾಜರಿ ಕರೆಯುತ್ತಿದ್ದರು. ಹೊಸ್ತಿಲಾಚೆ ಒಬ್ಬ ಹುಡುಗಿ ನಿಂತಿದ್ದಳು. ಎಂಟೋ ಒಂಬತ್ತೋ ವರ್ಷ. ಟೊಂಕದ ಮೇಲೆ ತಮ್ಮ. ಸಮವಸ್ತ್ರ ಇಲ್ಲ. ಒಳಗೆ ಬರಲೋ ಬೇಡವೋ ಎಂದು ಕಾಲಿನ ಹೆಬ್ಬೆರಳಿನಿಂದ ಕಲ್ಲನ್ನು ಕೆರೆಯುತ್ತಿದ್ದಳು. ಹೋದ ದೀಪಾವಳಿ ಮುಗಿದ ವಾರ ಅವ್ವ ಅಪ್ಪನ ಜೊತೆ ಗೋವಾಕ್ಕೆ ಹೋದವಳು ಏಳು ತಿಂಗಳ ಮೇಲೆ ಈ ಬಾಗಿಲಿಗೆ ಬಂದಿದ್ದಳು.

ಮಾಸ್ತರು ತಲೆ ಎತ್ತಲಿಲ್ಲ. ಒಂದೊಂದೇ ಹೆಸರು ಕರೆಯುತ್ತ ಕರೆಯುತ್ತ ಅವಳ ಹೆಸರನ್ನೂ ಕರೆದರು. ಒಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಹುಡುಗಿಯ ಬಾಯಿಂದ ಮಾತು ಹೊರಡಲಿಲ್ಲ. ಮಾಸ್ತರು ಮತ್ತೊಮ್ಮೆ ಕರೆದರು.

"ಹಾಜರ್ ಸರ."

"ಬಾರವಾ, ಒಳಗ ಬಾ. ತಮ್ಮನ್ನೂ ಕರ್ಕೊಂಡ ಬಾ. ನಿನ್ನ ಜಾಗಾ ಯಾರಿಗೂ ಕೊಟ್ಟಿಲ್ಲ."

ಅಷ್ಟೇ ಮಾತು. ಹುಡುಗಿ ಹೊಸ್ತಿಲು ದಾಟಿದಳು. ಎರಡನೇ ಸಾಲಿನಲ್ಲಿ ಇಬ್ಬರು ಗೆಳತಿಯರು ಆಚೆ ಈಚೆ ಸರಿದರು, ನಡುವೆ ಒಂದು ಗೇಣು ಚಾಪೆ ಕಂಡಿತು.

ಆಮೇಲೆ ಬಿಡುವಿನಲ್ಲಿ ಮಾಸ್ತರು ನನಗೆ ಹೇಳಿದರು. ಹೋಗುವ ಹಿಂದಿನ ಸಂಜೆ ಅವಳ ಅವ್ವ ಗಂಟುಮೂಟೆ ಕಟ್ಟಿಟ್ಟು ಸಾಲಿಯ ತನಕ ಬಂದಿದ್ದಳಂತೆ. "ಹೆಸರ ತಗೀಬ್ಯಾಡ್ರೀ ಸರ, ಮಳಿಗಾಲಕ್ಕ ಬಂದ ಬರ್ತೇವ್ರಿ" ಅಂದಳಂತೆ. ಆ ತಾಯಿಗೆ ಓದು ಬರಹ ಬಾರದು. ಆದರೂ ಪಟ್ಟಿಯಲ್ಲಿ ಹೆಸರಿರುವುದಕ್ಕೂ ಇಲ್ಲದಿರುವುದಕ್ಕೂ ಏನು ಅಂತರ ಎಂಬುದು ಅವಳಿಗೆ ಗೊತ್ತಿತ್ತು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸರಕಾರಿ ಸಾಲಿಗಳನ್ನು ನೋಡಬೇಕೆಂದು ಹೊರಟ ನನಗೆ ಮೊದಲ ದಿನವೇ ಸಿಕ್ಕ ಮಾತು ಇದು. ಈಗ ಈ ನಾಲ್ಕು ತಾಲ್ಲೂಕು ಒಡೆದು ತಾಳಿಕೋಟಿ, ದೇವರ ಹಿಪ್ಪರಗಿ, ಚಡಚಣ, ನಿಡಗುಂದಿ ಎಂದೆಲ್ಲ ಹೊಸ ತಾಲ್ಲೂಕುಗಳಾಗಿವೆ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಬಿಳಿಜೋಳ, ಕಡಲೆ, ತೊಗರಿಯ ಸೀಮೆ. ಮಳೆ ಬಂದರೆ ಬದುಕು, ಬಾರದಿದ್ದರೆ ಗೋವಾ, ಪುಣೆ, ಮುಂಬಯಿ. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿ ನೂರಕ್ಕೆ 75 ಮಂದಿ ಓದು ಬರಹ ಬಲ್ಲವರಾದರೆ ಈ ಜಿಲ್ಲೆಯಲ್ಲಿ 67. ಗಂಡಸರಲ್ಲಿ 77, ಹೆಂಗಸರಲ್ಲಿ 57ರ ಆಸುಪಾಸು. ಆ ಇಪ್ಪತ್ತರ ಅಂತರದಲ್ಲಿ ಎಷ್ಟು ಹುಡುಗಿಯರು ಟೊಂಕದ ಮೇಲೆ ತಮ್ಮನನ್ನು ಹೊತ್ತು ಹೊಸ್ತಿಲಾಚೆ ನಿಂತಿದ್ದರೋ.

ಆ ತಾಂಡಾದ ಕೋಣೆಗೆ ಮರಳಿ ಹೋಗುತ್ತೇನೆ. ಅಲ್ಲಿ ನೋಡುವುದು ಇನ್ನೂ ಇತ್ತು.

ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಅಲ್ಲಿ ಕೂಡಿ ಕೂಡುತ್ತಾರೆ. ನಲಿ ಕಲಿ. ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ 1995ರಲ್ಲಿ ಹುಟ್ಟಿ, ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಅದರಲ್ಲಿ ಅಕ್ಷರ ಅ ಆ ಇ ಈ ಎಂದು ಸಾಲಾಗಿ ಬರುವುದಿಲ್ಲ. ರ, ಗ, ಸ, ದ, ಅ ಎಂದು ಬರುತ್ತದೆ. ಐದು ಅಕ್ಷರ ಗುರುತಿಸಿದ ಮಗು ಸರ, ದರ, ಅರಸ, ಅಗಸ ಎಂದು ಆ ವಾರವೇ ಓದಿಬಿಡುತ್ತದೆ. ಏಣಿಯಲ್ಲಿ ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಆ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಏಳು ತಿಂಗಳು ಊರಲ್ಲಿಲ್ಲದ ಮಗುವಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಹೊಳೆಯುವುದಿಲ್ಲ. ಎಲ್ಲರೂ 32ನೇ ಪುಟದಲ್ಲಿದ್ದಾಗ ನೀನೊಬ್ಬಳೇ ಮೂರನೇ ಪುಟದಲ್ಲಿದ್ದೀಯ ಎಂಬ ಅವಮಾನ ಅಲ್ಲಿ ಇಲ್ಲ. ಒಬ್ಬೊಬ್ಬರದು ಒಂದೊಂದು ಮೆಟ್ಟಿಲು.

ಮಾಸ್ತರು ಹುಡುಗಿಯ ಮುಂದೆ ಒಂದು ಕಾರ್ಡು ಇಟ್ಟರು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಒತ್ತಿದಳು. ಗ. ರ. ಗ. ಸ.

"ಕೂಡಿಸಿ ಅನ್ನು."

"ಗರಗಸ."

"ಗರಗಸ ಅಂದ್ರ ಏನ ಹೇಳು ನೋಡೂಣು?"

ಉಳಿದ ಹುಡುಗರು ಗೋಡೆಯ ಮೇಲಿನ ಚಿತ್ರ ಹುಡುಕುತ್ತಿದ್ದರು. ಇವಳು ಚಿತ್ರ ನೋಡಲಿಲ್ಲ. "ನಮ್ಮ ಬಾ ಸೆಂಟ್ರಿಂಗ್ ಹಲಗಿ ಕೊಯ್ಯೂದ್ರಿ" ಅಂದಳು. ಅಂದು ಬಲಗೈಯನ್ನು ಹಿಂದೆ ಮುಂದೆ ಎಳೆದು ತೋರಿಸಿದಳು. ಆ ಕೈಯ ಓಟದಲ್ಲಿ ಒಂದು ಹದವಿತ್ತು. ಸಣ್ಣ ಹಲಗೆಯನ್ನು ಅವಳೂ ಒಮ್ಮೆ ಕೊಯ್ದಿರಬೇಕು. ಮಾಸ್ತರು ಕರಿಹಲಗೆಯ ಮೇಲೆ ದೊಡ್ಡದಾಗಿ 'ಗರಗಸ' ಎಂದು ಬರೆದರು. ತರಗತಿಯ ಎಲ್ಲರೂ ಅವಳನ್ನು ನೋಡಿ ಕೈ ಎಳೆಯುವುದನ್ನು ಕಲಿತರು. ಅವತ್ತು ಪಾಠ ಹೇಳಿಕೊಟ್ಟವಳು ಅವಳೇ.

ತಾಂಡಾದ ಮನೆಗಳಲ್ಲಿ ಆಡುವುದು ಲಂಬಾಣಿಗರ ಗೋರ ಬೋಲಿ. ಅವ್ವ ಅಲ್ಲಿ 'ಯಾಡಿ', ಅಪ್ಪ 'ಬಾ', ರೊಟ್ಟಿ 'ಬಾಟಿ', ನೀರು 'ಪಾಣಿ'. ಆರು ವರ್ಷದ ಮಗು ಸಾಲಿಗೆ ಬಂದ ದಿನ ಅದಕ್ಕೆ ಕನ್ನಡವೇ ಪರದೇಶ. ಈ ಮಾಸ್ತರು ಮಂಡ್ಯ ಕಡೆಯಿಂದ ಬಂದವರು. ಬಂದ ಹೊಸದರಲ್ಲಿ ಅವರಿಗೆ ಇಲ್ಲಿಯ ಕನ್ನಡವೂ ಅರ್ಧ ತಿಳಿಯುತ್ತಿರಲಿಲ್ಲವಂತೆ. ಈಗ ಗೋಡೆಯ ಮೇಲೆ ಚಿತ್ರದ ಕೆಳಗೆ ಎರಡೆರಡು ಹೆಸರು ಬರೆದಿದ್ದಾರೆ, ಎರಡೂ ಕನ್ನಡ ಲಿಪಿಯಲ್ಲೇ. ತಾಯಿಯ ಚಿತ್ರದ ಕೆಳಗೆ 'ಅವ್ವ', ಅದರ ಕೆಳಗೆ 'ಯಾಡಿ'. ಮೊದಲು ಎರಡನೆಯದನ್ನು ಓದಿದ ಮಕ್ಕಳು ಆಮೇಲೆ ಮೊದಲನೆಯದನ್ನು ಓದುತ್ತಾರೆ. ಇಲಾಖೆಯ ಯಾವ ಸುತ್ತೋಲೆಯೂ ಇದನ್ನು ಮಾಡೆಂದು ಅವರಿಗೆ ಹೇಳಿಲ್ಲ.

ಇಂಡಿಯ ಕಡೆ ಹೋದಾಗ ಸಾಲೋಟಗಿಗೆ ಹೋಗದೆ ಬರಲಾಗಲಿಲ್ಲ. ನಿಂಬೆ ತೋಟಗಳ ನಡುವಿನ ಊರು. ಸಂಜೆ ಗಾಳಿಗೆ ಹೂವಿನ ಕಮ್ಮನೆ ವಾಸನೆ. ಊರ ಹೆಸರಿನಲ್ಲೇ ಸಾಲಿ ಇದೆ: ಹಳೆಯ ಹೆಸರು ಪಾವಿಟ್ಟಗೆ, ಅಲ್ಲಿಯ ಶಾಲೆ ಎಷ್ಟು ಹೆಸರುವಾಸಿಯಾಯಿತೆಂದರೆ ಶಾಲೆಯ ಪಾವಿಟ್ಟಗೆ ಎನ್ನುತ್ತ ಎನ್ನುತ್ತ ಸಾಲೋಟಗಿ ಆಯಿತು ಎಂದು ಬಲ್ಲವರು ಹೇಳುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಓದಲು ಬಂದವರು ಉಳಿಯಲು 27 ಮನೆಗಳು. ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿ. ಊರವರು ಮದುವೆಗೆ ಇಷ್ಟು, ಮುಂಜಿಗೆ ಅದರ ಅರ್ಧ, ಜವಳಕ್ಕೆ ಅದರರ್ಧ ಎಂದು ಶಾಲೆಗೆ ಕೊಡಬೇಕು. ಇದೆಲ್ಲ ಕಲ್ಲಿನ ಮೇಲೆ ಕೆತ್ತಿದ ಮಾತು. ಸಾವಿರ ವರ್ಷದ ಹಿಂದೆ ಒಂದು ಹಳ್ಳಿ ತನ್ನ ಮದುವೆಯ ಖರ್ಚಿನಲ್ಲಿ ಓದುವವರ ಪಾಲನ್ನು ತೆಗೆದಿಟ್ಟಿತ್ತು ಎಂಬುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಆದರೆ ಆ 27 ಮನೆಗಳಲ್ಲಿ ಇದ್ದವರು ಯಾರು? ಅದು ಅಗ್ರಹಾರದ ಶಾಲೆ. ಆ ದೀಪದ ಬೆಳಕು ಬಿದ್ದದ್ದು ಬ್ರಾಹ್ಮಣ ಗಂಡುಮಕ್ಕಳ ಓಲೆಗರಿಯ ಮೇಲೆ. ದೀಪದ ಭೂಮಿಯನ್ನು ಉತ್ತವರ ಮಕ್ಕಳಿಗೆ ಆ ಬಾಗಿಲು ಇರಲಿಲ್ಲ.

ಅದಾಗಿ ಎರಡು ಶತಮಾನದೊಳಗೆ ಇದೇ ಸೀಮೆಯ ಬಾಗೇವಾಡಿಯಲ್ಲಿ ಒಬ್ಬ ಹುಡುಗ ಹುಟ್ಟಿದ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೂ ಬೇಡವೆಂದು ಎದ್ದು ಹೋದನೆಂಬ ಕತೆಯನ್ನು ಬಸವನ ಬಾಗೇವಾಡಿಯ ಮಕ್ಕಳು ಇವತ್ತಿಗೂ ಉಸಿರು ಬಿಡದೆ ಹೇಳುತ್ತಾರೆ. ನಾನು ಕೇಳಿದಾಗ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಕತೆ ಮುಗಿಸಿ ತನ್ನದೊಂದು ಮಾತು ಸೇರಿಸಿದಳು: "ಅಕ್ಕಗ ಇಲ್ಲದ್ದು ನನಗ ಬ್ಯಾಡ ಅಂದ್ರೀ ಅಂವ. ನಮ್ಮಣ್ಣ ಹಂಗ ಅನ್ನೂದಿಲ್ರಿ." ತರಗತಿಯ ಹುಡುಗಿಯರೆಲ್ಲ ಹೂಂಗುಟ್ಟಿದರು. ಅಣ್ಣ ಖಾಸಗಿ ಇಂಗ್ಲಿಷ್ ಸಾಲಿಗೆ, ತಂಗಿ ಸರಕಾರಿ ಸಾಲಿಗೆ ಹೋಗುವ ಮನೆಗಳು ಅಲ್ಲಿ ಒಂದೆರಡಲ್ಲ.

ಇನ್ನೊಂದು ವರ್ಷವನ್ನೂ ಇಲ್ಲಿ ನೆನೆಯಬೇಕು. 1856. ನಮ್ಮ ಈ ಭಾಗ ಮುಂಬಯಿ ಸರಕಾರದ ಕೈಯಲ್ಲಿತ್ತು. ಧಾರವಾಡದಲ್ಲಿ ಮಹಾರ ಸಮುದಾಯದ ಒಬ್ಬ ಹುಡುಗ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಅರ್ಜಿ ಬರೆದ. ಫೀ ಕೊಡುತ್ತೇನೆಂದೂ ಹೇಳಿದ. ನ್ಯಾಯ ಹುಡುಗನ ಕಡೆಗಿದೆ, ಆದರೂ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂದು ಸರಕಾರ ಕೈಚೆಲ್ಲಿತು. ಅರ್ಜಿಯ ಸುದ್ದಿ ಲಂಡನ್ನಿನವರೆಗೆ ಹೋಯಿತು. ಸರಕಾರದ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದು ಕಳಿಸಿದರು. ಆ ಹುಡುಗನ ಹೆಸರು ಅವತ್ತು ಆ ಶಾಲೆಯ ಪಟ್ಟಿಗೆ ಏರಲಿಲ್ಲ. ಆದರೆ ಅವನ ಅರ್ಜಿಯ ಋಣ ನಮ್ಮೆಲ್ಲ ಕನ್ನಡ ಸಾಲಿಗಳ ಮೇಲಿದೆ.

ಕಾಗದದ ಮೇಲೆ ಬಾಗಿಲು ತೆರೆದರೂ ಒಳಗೆ ಗೆರೆ ಉಳಿದಿತ್ತು. ನಾನು ಓದಿದ ಶಾಲೆಯಲ್ಲಿ, ಊರಿನ ಹೆಸರು ಬೇಡ, ಮೂಲೆಯಲ್ಲಿ ಒಂದು ನೀರಿನ ಹರವಿ ಇರುತ್ತಿತ್ತು. ನಾವು ಕೆಲವರು ತಂಬಿಗೆಯಲ್ಲಿ ಮೊಗೆದು ಕುಡಿಯುತ್ತಿದ್ದೆವು. ನನ್ನ ಪಕ್ಕದಲ್ಲೇ ಲೆಕ್ಕ ಬಿಡಿಸುತ್ತಿದ್ದ ಗೆಳೆಯ ಮಾತ್ರ ಬೊಗಸೆ ಒಡ್ಡಿ ನಿಲ್ಲಬೇಕು, ಯಾರಾದರೂ ಮೇಲಿನಿಂದ ಹೊಯ್ಯಬೇಕು. ಬಹಳ ಸಲ ಹೊಯ್ದವನು ನಾನೇ. ಅವನ ಮೊಣಕೈಯಿಂದ ನೀರು ಇಳಿದು ಅಂಗಿ ತೋಯುತ್ತಿತ್ತು. ಅದು ತಪ್ಪೆಂದು ನನಗೆ ಆಗ ಯಾರೂ ಹೇಳಲಿಲ್ಲ, ನನಗೆ ನಾನೇ ತಿಳಿದುಕೊಳ್ಳಲೂ ಇಲ್ಲ. ಈಗ ಯಾವ ಸಾಲಿಗೆ ಹೋದರೂ ಮೊದಲು ನನ್ನ ಕಣ್ಣು ಹುಡುಕುವುದು ನೀರು ಎಲ್ಲಿದೆ, ಯಾರು ಹೇಗೆ ಕುಡಿಯುತ್ತಾರೆ ಎಂಬುದನ್ನೇ.

ಸಿಂದಗಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ತನಕ ಕುಳಿತೆ. ಹನ್ನೆರಡರ ಹೊತ್ತಿಗೆ ಒಗ್ಗರಣೆಯ ಚುರ್ ಸದ್ದಿಗೆ ಆರನೇ ತರಗತಿಯ ಇತಿಹಾಸ ಪಾಠ ಒಂದು ಗಳಿಗೆ ನಿಂತಿತು. ಅಡುಗೆ ಕೋಣೆಯಲ್ಲಿ ಮೂವರು ಹೆಂಗಸರು. ದೊಡ್ಡ ಪಾತೇಲಿಯಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ ಸಾರು. ಬದಿಗೆ ಬುಟ್ಟಿಯ ತುಂಬ ಬೇಯಿಸಿದ ತತ್ತಿ. ಮೂವರೂ ನೆಲಕ್ಕೆ ಕುಳಿತು ತತ್ತಿ ಸುಲಿಯುತ್ತಿದ್ದರು. ಬಿಸಿ ತತ್ತಿಯನ್ನು ತಣ್ಣೀರಿಗೆ ಹಾಕಿ, ನೆಲಕ್ಕೆ ಒಮ್ಮೆ ತಟ್ಟಿ, ಅಂಗೈಯಲ್ಲಿ ಉರುಳಿಸಿದರೆ ಸಿಪ್ಪೆ ಬಿರುಕಾಗಿ ಬಳೆಯ ಹಾಗೆ ಬಿಟ್ಟುಕೊಂಡು ಬರುತ್ತದೆ. ಅವರಲ್ಲಿ ಹಿರಿಯಳಾದವಳು ಒಂದು ಮುರಿದ ತತ್ತಿಯನ್ನು ಬದಿಗಿಟ್ಟಳು. "ಇದ ಯಾಕ ಬ್ಯಾರೆ ಇಟ್ಟಿ ಯಕ್ಕಾ?" ಎಂದೆ. "ಒಡದದ್ದ ಕೊಟ್ರ ಆ ಕೂಸಿಗಿ ಬ್ಯಾಸರ ಆಗ್ತೈತ್ರಿ. ಎಲ್ಲಾರಿಗೂ ಚಂದಂದ ಕೊಡಬೇಕ್ರಿ. ಇದು ನಂಗ ಇರ್ಲಿ" ಎಂದಳು.

ಬಿಸಿಯೂಟ ನಮ್ಮ ರಾಜ್ಯದಲ್ಲಿ ಶುರುವಾದದ್ದೇ ಈ ಕಡೆಯಿಂದ. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಹೇಳಿತು. 2002ರ ಜೂನಿನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಹೊತ್ತಿಕೊಂಡಿತು. ಆ ಏಳರಲ್ಲಿ ವಿಜಯಪುರವೂ ಒಂದು. ದಾಸೋಹ ಎಂಬ ಮಾತು ಈ ನೆಲದ್ದೇ, ಆ ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದಾರೆ. ಚಿಕ್ಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಮೇಲಿನವರಿಗೆ 150 ಗ್ರಾಂ. 2013ರ ಆಗಸ್ಟಿನಿಂದ ಹಾಲು ಬಂತು, 2024ರಿಂದ ಅದರ ಜೊತೆ ರಾಗಿ ಮಾಲ್ಟ್. ತತ್ತಿ ಬಂದದ್ದು 2021ರ ಡಿಸೆಂಬರಿನಲ್ಲಿ, ಅದೂ ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮತ್ತು ವಿಜಯಪುರಕ್ಕೆ. ಆಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಕೆಲವು ಮಠಾಧೀಶರು ಬೇಡವೆಂದರು, ಮಕ್ಕಳು ಬೇಕೆಂದರು. ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ನಾನು ಕುಳಿತಿದ್ದ ಪಡಸಾಲೆಯಲ್ಲಿ ತತ್ತಿಯವರೂ ಬಾಳೆಹಣ್ಣಿನವರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ತರಗತಿಯ ಲೆಕ್ಕದಲ್ಲಿ ಸಾಲು, ಮತ್ತೆ ಯಾವ ಲೆಕ್ಕವೂ ಇಲ್ಲ. ಒಬ್ಬ ಹುಡುಗ ತನ್ನ ಹಳದಿ ಭಾಗವನ್ನು ಪಕ್ಕದವನ ತಾಟಿಗೆ ಹಾಕಿ ಅವನ ಬಿಳಿಯನ್ನು ಇಸಿದುಕೊಂಡ. ಯಾರದು ಯಾವ ಓಣಿ ಎಂದು ನಾನು ಕೇಳಲಿಲ್ಲ.

ಆ ಹಿರಿಯ ಅಡುಗೆಯಕ್ಕ ದಲಿತ ಓಣಿಯವಳು. ಮೊದಲ ವರ್ಷ ನಾಲ್ಕು ಮನೆಯ ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರಂತೆ. ಆಗಿದ್ದ ಮುಖ್ಯ ಗುರುಮಾತೆ, ಈ ಕಡೆ ಅಕ್ಕೋರು ಅನ್ನುತ್ತಾರೆ, ಯಾರಿಗೂ ಭಾಷಣ ಮಾಡಲಿಲ್ಲ. ದಿನಾ ಮಕ್ಕಳ ಸಾಲಿನಲ್ಲಿ ತಾವೇ ತಾಟು ಹಿಡಿದು ಕುಳಿತರು. ಬುತ್ತಿಯ ಮಕ್ಕಳು ಒಂದು ತಿಂಗಳು ನೋಡಿದರು, ಎರಡನೇ ತಿಂಗಳಿಗೆ ಬುತ್ತಿ ತರುವುದು ನಿಂತಿತು. ಇದು ಎಲ್ಲ ಊರಿನಲ್ಲೂ ಹೀಗೆ ಸುಖವಾಗಿ ಮುಗಿದಿಲ್ಲ. ದಲಿತ ಹೆಣ್ಣುಮಗಳು ಬೇಯಿಸಿದ್ದನ್ನು ಉಣ್ಣಬೇಡವೆಂದು ಮಕ್ಕಳನ್ನೇ ಶಾಲೆಯಿಂದ ಬಿಡಿಸಿದ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬಂದಿದೆ, ಇನ್ನೂ ಬರುತ್ತಿದೆ. ಅದನ್ನು ಮುಚ್ಚಿಟ್ಟು ಬರೆದರೆ ಆ ಅಕ್ಕೋರು ಒಂದು ತಿಂಗಳು ಹಿಡಿದ ತಾಟಿಗೆ ಬೆಲೆ ಇರುವುದಿಲ್ಲ.

ಬಸವನ ಬಾಗೇವಾಡಿಯಿಂದ ಕೃಷ್ಣೆಯ ಕಡೆ ಇಳಿದರೆ ಆಲಮಟ್ಟಿಯ ಹಿನ್ನೀರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಯೋಜನೆ ಎಷ್ಟೋ ಹಳ್ಳಿಗಳನ್ನು ನೀರಿನೊಳಗೆ ಇಳಿಸಿತು. ಆ ಹಳ್ಳಿಗಳು ಈಗ ಎತ್ತರದ ಬಯಲಿನಲ್ಲಿ ಪುನರ್ವಸತಿ ಕೇಂದ್ರಗಳಾಗಿ ನಿಂತಿವೆ. ಜನ ಆರ್.ಸಿ. ಎನ್ನುತ್ತಾರೆ. ಊರು ಹೊಸದಾದರೂ ಓಣಿಗಳು ಹಳೆಯ ಕ್ರಮದಲ್ಲೇ ಕಟ್ಟಿಕೊಂಡವು: ಅವರದು ಆ ಕಡೆ, ಇವರದು ಈ ಕಡೆ. ಗುಡಿ ಬೇರೆ, ದರ್ಗಾ ಬೇರೆ, ಸ್ಮಶಾನವೂ ಬೇರೆ. ಎಲ್ಲರಿಗೂ ಕೂಡಿ ಒಂದೇ ಆಗಿದ್ದು ಸಾಲಿ.

ಅಂಥದೊಂದು ಸಾಲಿಯಲ್ಲಿ ಏಳನೇ ತರಗತಿಯ ಕೋಣೆ ಬಾಗಿಲ ಹತ್ತಿರವೇ ಇತ್ತು, ಎಂಟನೆಯದು ಒಳಗೆ. ಎಲ್ಲ ಕಡೆ ದೊಡ್ಡ ತರಗತಿಗೆ ಮುಂದಿನ ಕೋಣೆ ಎಂಬ ವಾಡಿಕೆ. ಇಲ್ಲಿ ಯಾಕೆ ಹೀಗೆ ಎಂದು ಕೇಳಿದೆ. ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಹುಟ್ಟಿನಿಂದ ಕಾಲು ಮಡಚಲು ಬರುವುದಿಲ್ಲ, ಕೈಯೂ ಅಷ್ಟಕ್ಕಷ್ಟೆ. ಗಾಲಿ ಕುರ್ಚಿ ಹತ್ತಲು ಇಳಿಜಾರು ಇರುವುದು ಆ ಕೋಣೆಗೆ ಮಾತ್ರ. ಅವನು ಐದಕ್ಕೆ ಬಂದಾಗ ಐದನೇ ತರಗತಿ ಆ ಕೋಣೆಗೆ ಬಂತು, ಆರಕ್ಕೆ ಬಂದಾಗ ಆರು. ಕೋಣೆ ಅವನಿಗೆ ಗಟ್ಟಿ, ಅವನ ಜೊತೆ ತರಗತಿಯೇ ಸುತ್ತುತ್ತದೆ. ಅಂಗಳದಲ್ಲಿ ಕಬಡ್ಡಿ ಆಡುವಾಗ ಅಂಕ ಬರೆಯುವವನು ಅವನು, ತಕರಾರು ಬಂದರೆ ತೀರ್ಪು ಅವನದೇ. ನಾನು ನೋಡುತ್ತಿರುವಂತೆಯೇ ಒಬ್ಬ ದಾಂಡಿಗ ಹುಡುಗನಿಗೆ "ಗೆರಿ ಮೆಟ್ಟಿದಿ, ಹೊರಗ ನಡಿ" ಎಂದು ತಡವರಿಸಿ ಹೇಳಿದ. ಆ ದಾಂಡಿಗ ಸುಮ್ಮನೆ ಹೊರಗೆ ನಡೆದ.

ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು, 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಅದರೊಳಗೆ ಸ್ಪಷ್ಟವಾಗಿ ತಂದಿತು. ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ಹೆಸರೂ ಈಗ ಸಾಲಿಯ ಪಟ್ಟಿಯಲ್ಲಿರುತ್ತದೆ, ಸಂಪನ್ಮೂಲ ಶಿಕ್ಷಕರು ಮನೆಗೇ ಬಂದು ಕಲಿಸುತ್ತಾರೆ. ಆದರೆ ಇಡೀ ತಾಲ್ಲೂಕಿಗೆ ಅಂಥವರು ಬೆರಳೆಣಿಕೆ. ಒಬ್ಬರು ಮೋಟಾರು ಸೈಕಲ್ಲಿನ ಪೆಟ್ಟಿಗೆ ತೆರೆದು ತೋರಿಸಿದರು: ಬಣ್ಣದ ಮಣಿ, ಗೆಜ್ಜೆ, ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರ, ಒಂದು ಹಳೆಯ ಕನ್ನಡಿ. ಗೆಜ್ಜೆಯ ಸದ್ದಿಗೆ ಕಣ್ಣು ತಿರುಗಿಸುವುದನ್ನು ಒಂದು ಮಗು ಹದಿನೆಂಟು ತಿಂಗಳಲ್ಲಿ ಕಲಿತಿತು ಎಂದರು. ಪರೀಕ್ಷೆಯ ಫಲಿತಾಂಶದಲ್ಲಿ ಅದು ಎಲ್ಲಿಯೂ ಬರುವುದಿಲ್ಲ.

ಚಡಚಣದ ಹತ್ತಿರ ಹಲಸಂಗಿ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಗೆಳೆಯರಾಗಿ ಬೆಳೆದ ಊರು. ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಜಾತಿ ಧರ್ಮ ಬೇರೆಯಾದ ಈ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಅವ್ವಂದಿರ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಓದು ಬಾರದ ಹೆಂಗಸರ ಬಾಯಿಗೆ ಕಿವಿ ಕೊಟ್ಟವರು ಅವರು. ಈ ಗಡಿಯಲ್ಲಿ ಕನ್ನಡ ಸಾಲಿ, ಉರ್ದು ಸಾಲಿ, ಮರಾಠಿ ಸಾಲಿ ಮೂರೂ ಇವೆ. ಆಚೆ ಜತ್ತ, ಅಕ್ಕಲಕೋಟೆಗಳಲ್ಲಿ ಮಹಾರಾಷ್ಟ್ರದ ಕನ್ನಡ ಸಾಲಿಗಳಿವೆ. ಒಂದು ಕಡೆ ಕನ್ನಡ ಸಾಲಿಗೂ ಉರ್ದು ಸಾಲಿಗೂ ಒಂದೇ ಕಂಪೌಂಡು, ಒಂದೇ ಗಂಟೆ. ಗಂಟೆ ಬಾರಿಸುವ ಪಾಳಿ ಮಾತ್ರ ವಾರಕ್ಕೊಮ್ಮೆ ಬದಲಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸಿಗೆ ಕಸಿವಿಸಿ ಇದ್ದೇ ಇದೆ. ಬೆಳಗ್ಗೆ ಎಂಟಕ್ಕೆ ಊರ ಅಗಸಿಗೆ ಹಳದಿ ವ್ಯಾನು ಬರುತ್ತದೆ. ಟೈ ಕಟ್ಟಿದ ಮಕ್ಕಳು ಹತ್ತಿ ಹೋಗುತ್ತಾರೆ. ಯಾವ ಮನೆಯಿಂದ ವ್ಯಾನಿಗೆ, ಯಾವ ಮನೆಯಿಂದ ಸಾಲಿಗೆ ಎಂದು ಊರವರು ಬೆರಳು ಮಡಚಿ ಹೇಳಬಲ್ಲರು. ಗೌಡರ ಮಗ, ಕುಂಬಾರರ ಮಗಳು, ತಾಂಡಾದ ಹುಡುಗ ಒಂದೇ ಚಾಪೆಯಲ್ಲಿ ಕುಳಿತ ಕಾಲ ಸರಿದು, ಬೇರೆ ದಾರಿ ಇಲ್ಲದವರಿಗೆ ಮಾತ್ರ ಕನ್ನಡ ಸಾಲಿ ಎಂಬ ಹಾಗೆ ಆಗುತ್ತಿದೆ. ಪಾಲಕರನ್ನು ದೂರುವ ಹಾಗಿಲ್ಲ. ಐದು ತರಗತಿಗೆ ಇಬ್ಬರು ಮಾಸ್ತರರು, ಅದರಲ್ಲೊಬ್ಬರು ಅತಿಥಿ, ಅವರಿಗೂ ಸಂಬಳ ಯಾವಾಗಲೋ. ಹುಡುಗರು ಕಡಿಮೆ, ಸಾಲಿ ಕೂಡಿಸಿಬಿಡೋಣ ಎಂಬ ಮಾತು ಬೇರೆ. ತಾಂಡಾದ ಸಾಲಿಯನ್ನು ಮೂರು ಕಿಲೊಮೀಟರ್ ಆಚೆಗೆ ಕೂಡಿಸಿದರೆ ತಮ್ಮನನ್ನು ಎತ್ತಿಕೊಂಡ ಆ ಹುಡುಗಿ ಅಷ್ಟು ದೂರ ನಡೆಯುವುದಿಲ್ಲ. ಗೋವಾದಿಂದ ಬಂದವಳು ಹೊಸ್ತಿಲ ತನಕವಾದರೂ ಬಂದಳಲ್ಲ, ಅದು ಹೊಸ್ತಿಲು ಹತ್ತಿರವಿದ್ದುದರಿಂದ. ಸಣ್ಣ ಸಾಲಿಗಳನ್ನು ಮುಚ್ಚುವುದು ತಪ್ಪು. ಲೆಕ್ಕ ಎಷ್ಟೇ ಸರಿ ಕಂಡರೂ ತಪ್ಪು.

ದೀಪಾವಳಿ ಕಳೆದು ನಾನು ಅದೇ ತಾಂಡಾಕ್ಕೆ ಇನ್ನೊಮ್ಮೆ ಹೋದೆ. ಸಂಜೆ. ಸೇವಾಲಾಲ ಗುಡಿಯ ಮುಂದೆ ಒಂದು ಟೆಂಪೋ ನಿಂತಿತ್ತು. ಹಿಟ್ಟಿನ ಚೀಲ, ಹಾಸಿಗೆ ಸುರುಳಿ, ಒಂದು ಕೋಳಿ ಬುಟ್ಟಿ, ಪಾತ್ರೆಯ ಗಂಟು. ನಾಲ್ಕು ಮನೆಯವರು ಹೊರಟಿದ್ದರು. ಆ ಹುಡುಗಿಯ ಮನೆಯವರೂ ಹೊರಟಿದ್ದರು, ಆದರೆ ಈ ಸಲ ಅವಳು ಅಜ್ಜಿಯ ಜೊತೆ ಊರಲ್ಲೇ ಉಳಿಯುತ್ತಾಳೆಂದು ತೀರ್ಮಾನವಾಗಿತ್ತು. ಮಾಸ್ತರು ಮೂರು ಸಲ ಮನೆಗೆ ಹೋಗಿ ಅಜ್ಜಿಯನ್ನು ಒಪ್ಪಿಸಿದ್ದರು. ತಮ್ಮ ಮಾತ್ರ ಅವ್ವನ ಜೊತೆ. ಹುಡುಗಿ ಟೆಂಪೋದ ಹಲಗೆ ಹಿಡಿದು ನಿಂತಿದ್ದಳು, ಅಳಲಿಲ್ಲ. ಅವಳ ಅವ್ವ ಕೆಳಗಿಳಿದು ಬಂದು ಮಾಸ್ತರ ಮುಂದೆ ನಿಂತಳು.

"ಸಣ್ಣಾಂವ ಮುಂದಿನ ವರ್ಷ ಒಂದನೇತ್ತಕ್ಕ ಬರ್ತಾನ್ರಿ. ಅವನ ಹೆಸರೂ ಬರಕೋರಿ ಸರ."

"ಬರೀತೀನವಾ. ಜೂನಕ್ಕ ಕರ್ಕೊಂಡ ಬಾ."

ಉಳಿದ ಮೂರು ಮನೆಯ ಐದು ಮಕ್ಕಳು ಟೆಂಪೋದಲ್ಲಿ ಹೋದರು. ಅವರ ಕೈಯಲ್ಲಿ ಮಾಸ್ತರು ಒಂದೊಂದು ಚೀಟಿ ಕೊಟ್ಟಿದ್ದರು: ಮಗುವಿನ ಹೆಸರು, ತರಗತಿ, ಸಾಲಿಯ ಹೆಸರು, ತಮ್ಮ ಫೋನ್ ನಂಬರು.

ಈ ಬರಹ ಓದುವವರಲ್ಲಿ ಈ ನಾಲ್ಕು ತಾಲ್ಲೂಕಿನವರು ಇದ್ದರೆ, ಗೋವಾ ಪುಣೆಗಳಲ್ಲಿ ನಮ್ಮ ಜನರಿಂದ ಕೆಲಸ ಮಾಡಿಸಿಕೊಳ್ಳುವವರು ಇದ್ದರೆ, ಒಂದು ಮಾತು. ಮಗು ಹೋದ ಊರಿನ ಸರಕಾರಿ ಶಾಲೆಗೆ ವರ್ಷದ ಯಾವ ತಿಂಗಳಿನಲ್ಲಾದರೂ ಸೇರಬಹುದು. ವರ್ಗಾವಣೆ ಪತ್ರ ಬಂದಿಲ್ಲ ಎಂದಾಗಲಿ, ಹುಟ್ಟಿದ ದಿನದ ದಾಖಲೆ ಇಲ್ಲ ಎಂದಾಗಲಿ ಅದನ್ನು ಹೊರಗೆ ನಿಲ್ಲಿಸುವಂತಿಲ್ಲ. ಕಾಯ್ದೆಯೇ ಹಾಗೆ ಹೇಳುತ್ತದೆ. ಟೆಂಪೋ ಹತ್ತುವವರಿಗೆ ಇದು ಗೊತ್ತಿಲ್ಲ. ದಯವಿಟ್ಟು ಹೇಳಿ ಕಳಿಸಿ.